ಯಾರ ಪೈಕಿ ಎಂದು ಹೇಳದ ಸರ್

ನಮ್ಮ ಸರ್ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಸುತ್ತಿನಲ್ಲಿ ಒಬ್ಬ ಮನುಷ್ಯನ ಹೆಸರು ಹೇಳಿದಿರೋ, ಕೇಳಿದವರು ಅಲ್ಲಿಗೆ ಬಿಡುವುದಿಲ್ಲ. ಅಡ್ಡಹೆಸರೇನು ಎನ್ನುತ್ತಾರೆ. ಅದನ್ನು ಹೇಳಿದರೆ ಊರು ಯಾವುದು ಎನ್ನುತ್ತಾರೆ. ಊರು ಹೇಳಿದ ಮೇಲೆ ಕಣ್ಣು ಸಣ್ಣಗೆ ಮಾಡಿ ಒಂದು ಗಳಿಗೆ ಲೆಕ್ಕ ಹಾಕಿ, "ಹಂಗಾರ ಅವರ ಪೈಕಿ ಏನ್ರಿ?" ಎಂದು ಕೇಳಿ, ಹೌದೆನಿಸಿಕೊಂಡು, ಕಾಲು ಚಾಚಿ ಆರಾಮಾಗಿ ಕೂರುತ್ತಾರೆ. ಮಳೆ ಬೆಳೆ, ಮಕ್ಕಳು ಮರಿ ಎಲ್ಲ ಆಮೇಲೆ. ಸರ್ ಜೀವಮಾನವಿಡೀ ಈ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಅವರು ಹೋದ ಮೇಲೆ ನಾನು ಯಾಕೆ ಕೊಡಲಿ? ಅವರನ್ನು ಬಲ್ಲವರು ಓದಿದರೆ ಗುರುತು ಹಿಡಿಯುತ್ತಾರೆ. ಉಳಿದವರಿಗೆ 'ಸರ್' ಎಂದರೆ ಸಾಕು.

ಅವರು ಗೋಕಾಕದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದರು. ನಾನು ಅವರ ವಿದ್ಯಾರ್ಥಿನಿ. ಈಗ ಮೂಡಲಗಿಯಲ್ಲಿ ಅದೇ ವಿಷಯ ಕಲಿಸುತ್ತೇನೆ. ಕಲಿಸುತ್ತೇನೆ ಎನ್ನುವುದಕ್ಕೂ ಧೈರ್ಯ ಬೇಕು. ಅವರ ಪಾಠ ಕೇಳಿದವಳಿಗೆ, ತಾನು ಮಾಡುತ್ತಿರುವುದು ಪಠ್ಯಪುಸ್ತಕವನ್ನು ಗಟ್ಟಿಯಾಗಿ ಓದುವ ಕೆಲಸ ಮಾತ್ರ ಎಂದು ಆಗಾಗ ಅನ್ನಿಸುತ್ತದೆ.

ಎತ್ತರದ, ಬಡಕಲು ಆಳು. ಬಿಳಿ ಅಂಗಿ, ತೋಳು ಮೊಣಕೈಯವರೆಗೆ ಮಡಿಚಿದ್ದು. ಇಸ್ತ್ರಿಯ ಗೆರೆ ಒಂಚೂರು ಆಚೆ ಈಚೆ ಆಗಿದ್ದರೂ ಅವತ್ತಿಡೀ ಮುಖ ಸಿಂಡರಿಸಿಕೊಂಡೇ ಪಾಠ. ಸಿಟ್ಟು ಮೂಗಿನ ತುದಿಯಲ್ಲಿರುತ್ತಿತ್ತು. ಪಾಠದ ನಡುವೆ ಆಕಳಿಸಿದವನನ್ನು ಹೊರಗೆ ಕಳಿಸಿ, ಸ್ವಲ್ಪ ಹೊತ್ತಿಗೆ ತಾವೇ ಬಾಗಿಲಿಗೆ ಹೋಗಿ "ಬಾರೋ, ನೀ ಇಲ್ದ ಬ್ಯಾಸರ ಆಗಾಕತ್ತೈತಿ" ಎಂದು ಕರೆದು ತರುತ್ತಿದ್ದರು. ಯಾವುದಾದರೂ ವ್ಯಾಖ್ಯೆ ಹೇಳುವ ಮೊದಲು ಕಿಟಕಿಯ ಹೊರಗೆ ನೋಡುವುದು ಅವರ ರೂಢಿ. ಉದಾಹರಣೆ ರಸ್ತೆಯಲ್ಲಿ ನಡೆದುಕೊಂಡು ಬರುತ್ತಿರುತ್ತದೆ ಎಂದು ಅವರ ನಂಬಿಕೆ. ಬಹಳ ಸಲ ಬರುತ್ತಲೂ ಇತ್ತು.

ಮೊದಲ ದಿನದ ಕ್ಲಾಸು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಸುತ್ತಲಿನ ಹಳ್ಳಿಗಳಿಂದ ಬಸ್ಸು ಹತ್ತಿ ಬಂದ ಹುಡುಗ ಹುಡುಗಿಯರು, ಒಬ್ಬರಿಗೊಬ್ಬರು ಗೊತ್ತಿಲ್ಲ. ಎದ್ದು ನಿಂತು ಪರಿಚಯ ಹೇಳಿಕೊಳ್ಳಿ ಎಂದರು ಸರ್. ಮೊದಲ ಬೆಂಚಿನ ಹುಡುಗ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಊರು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದ.

"ಹೆಸರಷ್ಟ ಸಾಕೋ," ಎಂದರು ಸರ್. "ಉಳಿದದ್ದೆಲ್ಲ ನಿನಗ ಬ್ಯಾರೆಯವರು ಕೊಟ್ಟದ್ದು. ನಿನಗ ಏನ ಮಾಡಾಕ ಬರತೈತಿ, ಅದನ್ನ ಹೇಳು."

ಹುಡುಗ ತಬ್ಬಿಬ್ಬಾದ. ಆಮೇಲೆ, "ಎಮ್ಮಿ ಹಿಂಡಾಕ ಬರತೈತ್ರಿ" ಎಂದ. ಎಲ್ಲರೂ ನಕ್ಕೆವು. ಸರ್ ನಗಲಿಲ್ಲ. ಬೋರ್ಡಿನ ಮೇಲೆ ಅವನ ಹೆಸರು ಬರೆದು, ಮುಂದೆ 'ಎಮ್ಮೆ ಹಿಂಡುತ್ತಾನೆ' ಎಂದು ಬರೆದರು. ಅಲ್ಲಿಂದ ಎಲ್ಲರ ಬಾಯಿ ಬಿಚ್ಚಿತು. ಟ್ರ್ಯಾಕ್ಟರ್ ಹೊಡೆಯುವವನು, ಕೌದಿ ಹೊಲಿಯುವವಳು, ಭಜನೆಗೆ ತಾಳ ಹಾಕುವವನು. ನನ್ನ ಸರದಿ ಬಂದಾಗ, "ನನಗ ಏನೂ ಬರಂಗಿಲ್ರಿ ಸರ್" ಎಂದೆ. "ಖರೆ ಹೇಳಾಕ ಬರತೈತಲ್ಲ, ಕುಂಡ್ರು" ಎಂದು ನನ್ನ ಹೆಸರಿನ ಮುಂದೆ ಅದನ್ನೇ ಬರೆದರು. ತುಂಬಿದ ಬೋರ್ಡನ್ನು ತೋರಿಸುತ್ತ ಪಾಠ ಹೇಳಿದರು. ಹುಟ್ಟುವಾಗಲೇ ಮಂದಿ ನಮಗೆ ಅಂಟಿಸುವುದು ಆರೋಪಿತ ಅಂತಸ್ತು, ಕಲಿತು ದುಡಿದು ನಾವು ಪಡೆಯುವುದು ಸಾಧಿತ ಅಂತಸ್ತು. ಪರೀಕ್ಷೆಗೆ ಇಷ್ಟು ಸಾಕು, ಉಳಿದದ್ದನ್ನು ಬೋರ್ಡು ನೋಡಿ ತಿಳಿದುಕೊಳ್ಳಿ ಎಂದರು. ನಾನು ಇಂದಿಗೂ ಆ ಪಾಠವನ್ನು ಹೀಗೆಯೇ ಶುರು ಮಾಡುತ್ತೇನೆ. ಈಗಿನ ಮಕ್ಕಳು "ರೀಲ್ಸ್ ಮಾಡಾಕ ಬರತೈತ್ರಿ ಮೇಡಮ್" ಎನ್ನುತ್ತಾರೆ. ಅದನ್ನೂ ಬರೆಯುತ್ತೇನೆ.

ಇನ್ನೊಂದು ಸಲ ಲೋಕರೂಢಿ ಎಂದರೇನು ಎಂದು ತೋರಿಸಲು ನಮ್ಮನ್ನೆಲ್ಲ ಗೋಕಾಕ ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿದ್ದರು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ಪದ್ಧತಿ ನಮ್ಮಲ್ಲಿ ಎಲ್ಲರಿಗೂ ಗೊತ್ತು. "ಟವೆಲ್ ಹಾಕಿದವಂದ ಸೀಟ ಅಂತ ಯಾವ ಕಾಯ್ದೇದಾಗ ಬರದೈತಿ?" ಎಂದು ಕೇಳಿದರು. ಯಾವ ಕಾಯ್ದೆಯಲ್ಲೂ ಇಲ್ಲವೆಂದೆವು. "ಹಂಗಾರ ನೋಡ್ರಿ," ಎಂದವರೇ ಮೂಡಲಗಿ ಬಸ್ಸು ಹತ್ತಿ, ಒಂದು ಸೀಟಿನ ಮೇಲಿದ್ದ ಟವೆಲನ್ನು ಎತ್ತಿ ಮಡಿಚಿ ಕಂಬಿಗೆ ನೇತುಹಾಕಿ ಕೂತೇಬಿಟ್ಟರು. ಟವೆಲ್ಲಿನ ಒಡೆಯ ಹತ್ತಿ ಬಂದ. ಅವನ ಬಾಯಿಂದ ಬಂದದ್ದನ್ನೆಲ್ಲ ಬರೆಯುವ ಹಾಗಿಲ್ಲ. ಅವನಿಗೆ ಪಕ್ಕದ ಮುದುಕಿ ಜೊತೆಯಾದಳು, ಆಮೇಲೆ ಹಿಂದಿನ ಸೀಟಿನವರು, ಕೊನೆಗೆ ಕಂಡಕ್ಟರೂ. "ಟವೆಲ್ ಕಾಣಲಿಲ್ಲೇನ್ರಿ? ಓದಿದವರ ಹಂಗ ಕಾಣ್ತೀರಿ!" ಸರ್ ಎದ್ದು ನಿಂತು ಕಿಟಕಿಯಿಂದ ನಮ್ಮ ಕಡೆ ನೋಡಿ, ಹಬ್ಬದೂಟ ಉಂಡವರಂತೆ ನಗುತ್ತಿದ್ದರು. "ನೋಡಿದ್ರ್ಯಾ? ಪೊಲೀಸರು ಬೇಕಾಗಲಿಲ್ಲ, ಇಡೀ ಬಸ್ ಬಂತು. ಇದಕ್ಕ ಸಾಮಾಜಿಕ ನಿಯಂತ್ರಣ ಅಂತಾರ."

ಟವೆಲ್ಲಿನವನಿಗೆ ಇವರು ಮಾಸ್ತರರೆಂದು ಗೊತ್ತಾಗಿ ಸಿಟ್ಟು ಇಳಿಯಿತು. ಇಳಿದ ಕೂಡಲೇ ಅವನು ಕೇಳಿದ್ದು ಅದನ್ನೇ. "ಯಾವೂರ್ರಿ ಸರ ನಿಮ್ಮದು? ಯಾರ ಪೈಕಿ ನೀವು?"

"ಸೀಟ ಸಿಗದವರ ಪೈಕಿ," ಎಂದು ಸರ್ ಬಸ್ಸಿನಿಂದ ಇಳಿದು ಬಂದರು.

ಅವತ್ತು ಚಹಾದಂಗಡಿಯಲ್ಲಿ ನಾನು ಧೈರ್ಯ ಮಾಡಿ ಕೇಳಿದ್ದೆ, ಹೇಳಿಬಿಟ್ಟರೆ ಏನಾಗುತ್ತದೆ ಸರ್ ಎಂದು. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ಕಾಲೇಜಿನ ಕಾಗದದಲ್ಲಿ ಬರೆದಿದ್ದೇನೆ, ಸರ್ಕಾರ ಕೇಳಿದಾಗೆಲ್ಲ ಬರೆದಿದ್ದೇನೆ, ಮುಚ್ಚಿಡುವುದು ಏನೂ ಇಲ್ಲ ಎಂದರು. ಬಸಿಯಲ್ಲಿ ಚಹಾ ಹಾಕಿಕೊಂಡು ಊದುತ್ತ ಮುಂದುವರಿಸಿದರು.

"ನಾ ಅದನ್ನ ಹೇಳಿದೆ ಅಂದ್ರ ಕೇಳಿದವಗ ಮುಂದ ಕೇಳೂದು ಏನೂ ಉಳಿಯಂಗಿಲ್ಲ. ನಾ ಏನ ಉಣ್ತೇನಿ, ಯಾರಿಗೆ ಓಟ ಹಾಕ್ತೇನಿ, ನನ್ನ ಎಲ್ಲಿ ಕುಂಡ್ರಸಬೇಕು, ಎಲ್ಲ ಅವಂಗ ಗೊತ್ತಾಗಿಬಿಡತೈತಿ. ಹೇಳದ ಇದ್ದೆ ಅಂದ್ರ ಪಾಪ ಅವ ಎರಡನೇ ಪ್ರಶ್ನೆ ಕೇಳಬೇಕಾಗತೈತಿ. ಎರಡನೇ ಪ್ರಶ್ನೆ ಬಾಳ ಚಲೋ ಇರತೈತಿ ನೋಡು. ನನಗ ಅದರ ಮ್ಯಾಲ ಆಸೆ."

ಇದು ನಿಜವೆಂದು ನನಗೆ ಮನದಟ್ಟಾದದ್ದು ಎಷ್ಟೋ ವರ್ಷಗಳ ನಂತರ, ಮೂಡಲಗಿಯ ನಮ್ಮ ಮನೆಯ ಗೃಹಪ್ರವೇಶದ ದಿನ. ಸರ್ ಬಂದಿದ್ದರು. ನಮ್ಮ ಮಾವನವರು ಊರಿಗೆಲ್ಲ ಬೇಕಾದ ಮನುಷ್ಯ, ಆದರೆ ಬಂದವರು ಯಾರ ಪೈಕಿ ಎಂದು ಗೊತ್ತಾಗದೆ ಅವರಿಗೆ ಊಟ ಇಳಿಯುವುದಿಲ್ಲ. ಸರ್ ಪಕ್ಕ ಕೂತು ಕೇಳಿದರು. "ಉಣ್ಣಾಕ ಬಂದವರ ಪೈಕಿರಿ," ಎಂದರು ಸರ್. ಮಾವ ನಗಲಿಲ್ಲ. ಸುತ್ತಿ ಬಳಸಿ ಮತ್ತೆ ಮತ್ತೆ ಅಲ್ಲಿಗೇ ಬಂದರು. ಸರ್ ಕಬ್ಬಿನ ಮಾತು ತೆಗೆದರು, ಕಾಲುವೆ ನೀರಿನ ಮಾತು ತೆಗೆದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಇವತ್ತು ಏನಾದರೂ ಆಗಿಯೇ ಬಿಡುತ್ತದೆ ಎಂದು ಕೈ ಹಿಸುಕಿಕೊಳ್ಳುತ್ತಿದ್ದೆ. ಇಳಿಹೊತ್ತಿಗೆ ನೋಡಿದರೆ ಮಾವ ಸರ್ ಕೈ ಹಿಡಿದುಕೊಂಡು, ಎಳೆಯ ವಯಸ್ಸಿನಲ್ಲಿ ಹೊಳೆಯ ಪಾಲಾದ ತಮ್ಮ ಅಣ್ಣನ ಸುದ್ದಿ ಹೇಳುತ್ತಿದ್ದಾರೆ! ಆ ಅಣ್ಣನೊಬ್ಬ ಇದ್ದನೆಂಬುದು ನನ್ನ ಗಂಡನಿಗೂ ಗೊತ್ತಿರಲಿಲ್ಲ. ಮಾವನ ಕಣ್ಣು ತುಂಬಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸರ್ ಬಸ್ಸು ಹತ್ತಿ ಹೋದ ಮೇಲೆ ಮಾವ ಹೇಳಿದರು: "ಮನಷಾ ಚಲೋ ಅದಾನ ಬಿಡು. ಆದರ ಯಾರ ಪೈಕಿ ಅಂತ ಕಡೀಗೂ ಹೇಳಲಿಲ್ಲ ನೋಡು."

ಸರ್ ಮದುವೆಯಾಗಿರಲಿಲ್ಲ. ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ ಅವರ ಅಣ್ಣನ ಮನೆಯಿತ್ತು. ಅಪರೂಪಕ್ಕೊಮ್ಮೆ ಹೋಗಿ, ಹೋದಂತೆಯೇ ಮಾತಿಲ್ಲದೆ ಮರಳುತ್ತಿದ್ದರು. ಗೋಕಾಕದಲ್ಲಿ ಅವರಿದ್ದದ್ದು ಶಾಂತವ್ವ ಕಾಕು ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ. ಸೇರಿದಾಗ ಹರೆಯದ ಮಾಸ್ತರು, ನಿವೃತ್ತರಾದ ಮೇಲೂ ಅಲ್ಲೇ ಉಳಿದರು. ನಾವೆಲ್ಲ ಚಿಕ್ಕಮ್ಮನೆಂಬಂತೆ ಕಾಕು ಎನ್ನುತ್ತಿದ್ದ ಶಾಂತವ್ವ ವಿಧವೆ. ಗಟ್ಟಿ ದನಿಯ, ಕೊಡುಗೈಯ ಹೆಂಗಸು. ಸರ್ ಬಾಡಿಗೆಗೆ ಕೇಳಿ ಬಂದ ದಿನ ಅವರೂ ಎಲ್ಲರಂತೆ ಕೇಳಿದ್ದರಂತೆ. "ಹೇಳಿದ ತಾರೀಖಿಗೆ ಬಾಡಿಗಿ ಕೊಡಾವರ ಪೈಕಿರಿ ಅಕ್ಕಾರ" ಎಂದಿದ್ದರಂತೆ ಸರ್. ಕಾಕು ನಕ್ಕು ಕೀಲಿಕೈ ಕೊಟ್ಟರು. ಆದರೆ ಅದರ ಜೊತೆಗೆ ಇನ್ನೊಂದು ವ್ಯವಸ್ಥೆಯನ್ನೂ ಮಾಡಿಕೊಂಡರು. ಸರ್ ಚಹಾಕ್ಕೆ ಒಂದು ಬೇರೆ ಕಪ್ಪು. ಅದು ಕಟ್ಟೆಯ ಮೇಲಿನ ಗೂಡಿನಲ್ಲಿರುತ್ತಿತ್ತು, ಅಡುಗೆಮನೆಯೊಳಗೆ ಹೋಗುತ್ತಿರಲಿಲ್ಲ. ಸರ್ ಅದನ್ನು ತಾವೇ ತೊಳೆದು ಗೂಡಿನಲ್ಲಿ ಬೋರಲು ಹಾಕುತ್ತಿದ್ದರು. ಗೊತ್ತಿದ್ದು ದೂರ ಇಟ್ಟದ್ದಲ್ಲ ಅದು, ಗೊತ್ತಿಲ್ಲವೆಂದು ಇಟ್ಟದ್ದು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಕಪ್ಪು ನೋಡಿ ಕೆರಳಿದ್ದೆ. ಕ್ಲಾಸಿನಲ್ಲಿ ಸಾಮಾಜಿಕ ಅಂತರವೆಂದರೆ ಏನೆಂದು ಅಷ್ಟು ಚೆನ್ನಾಗಿ ಹೇಳಿದ ಮನುಷ್ಯ, ಸ್ವಂತಕ್ಕೆ ಬಂದಾಗ ಕಪ್ಪು ತೊಳೆದಿಡುವುದೆ? ರವಿವಾರದ ದಿನ ಸರ್ ಧುಪದಾಳಕ್ಕೆ ಹೋಗಿ ಹೊಳೆಯ ಒಡ್ಡಿನ ಹತ್ತಿರ ಕಲ್ಲಿನ ಮೇಲೆ ಕೂರುತ್ತಿದ್ದರು. ಒಂದು ರವಿವಾರ ನಾನೂ ಹೋದೆ. ಒಡ್ಡಿನ ಮೇಲಿಂದ ನೀರು ತೆಳ್ಳಗೆ ಇಳಿಯುತ್ತಿತ್ತು. ಆ ಮನೆ ಬಿಟ್ಟುಬಿಡಿ ಸರ್, ನಾನು ಬೇರೆ ಕೋಣೆ ಹುಡುಕಿಕೊಡುತ್ತೇನೆ ಎಂದೆ.

"ನನಗ ಕಾಮಣಿ ಆಗಿ ಕಣ್ಣ ಹಳದಿ ಆಗಿದ್ದುವಲ್ಲ, ನೀವೆಲ್ಲ ಪರೀಕ್ಷೆ ಬರಿಯೂ ಮುಂದ," ಎಂದರು ಸರ್. "ಆಗ ಮುಂಜಾನಿ ಸಂಜೀಕ ಗಂಜಿ ಕಾಸಿ ಮಾಳಗಿ ಹತ್ತಿ ಬಂದು ಕೊಟ್ಟಾಕಿ ಅಕೀ. ವಾಂತಿ ಬಳದಾಕಿ ಅಕೀ. ಮೂಗ ಮುಚ್ಚಿಕೊಳ್ಳಲಿಲ್ಲ. ಮೈಯಾಗ ಆರಾಮ ಆಗಿ ಕೆಳಗ ಇಳದ ಬಂದೆ, ಕಪ್ ಮತ್ತ ಗೂಡಿನ್ಯಾಗ ಇತ್ತು. ಕಪ್ ದೂರ ಇಡತಾಳ, ತಾ ಹತ್ರ ಬರತಾಳ. ಇದಕ್ಕ ಪುಸ್ತಕದಾಗ ಏನ ಹೆಸರೈತಿ ಹೇಳು? ನಾ ಹುಡಿಕ್ಯಾಡೇನಿ, ಸಿಕ್ಕಿಲ್ಲ."

"ಅವರು ಒಂದ ದಿನ ನಿಮ್ಮ ಒಳಗ ಕರೀಬೇಕಲ್ರಿ ಸರ್?"

"ಕರೀತಾಳ. ಗೊತ್ತ ಆಗಲಾರದ ಕರೀಬೇಕು, ಅದಕ್ಕ ಕಾಯಾಕತ್ತೇನಿ. ಗೊತ್ತ ಮಾಡಿಕೊಂಡು ಕರದ್ರ ಅದರಾಗ ಏನ ಐತಿ?"

ಅವರಿಗೆ ಬೇಕಾದದ್ದು ಇಷ್ಟೇ ಎಂದು ನನಗೆ ಅವತ್ತು ತಿಳಿಯಿತು. ಒಬ್ಬರಾದರೂ, ಯಾರ ಪೈಕಿ ಎಂದು ಅರಿಯದೆಯೇ ತಮ್ಮನ್ನು ತಮ್ಮವರೆನ್ನಬೇಕು. ಅದಕ್ಕಾಗಿ ಅವರು ಒಂದು ಇಡೀ ಆಯುಷ್ಯ ಬಾಯಿ ಮುಚ್ಚಿಕೊಂಡು ಕಾಯಲು ತಯಾರಿದ್ದರು. ಹುಚ್ಚು ಹಟವೆಂದು ಆಗ ಅನ್ನಿಸಿತ್ತು. ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಹಟವಲ್ಲದೆ ಮತ್ತೇನು?

ಹೋದ ವರ್ಷ ಬೇಸಿಗೆಯ ಒಂದು ಮುಂಜಾನೆ ಶಾಂತವ್ವ ಕಾಕು ಫೋನು ಬಂತು. "ತಂಗೀ, ನಿಮ್ಮ ಮಾಸ್ತರ ಏಳವಲ್ಲರು," ಎಂದರು. ಗಟ್ಟಿ ದನಿ ಎಲ್ಲೋ ಹೋಗಿತ್ತು. ನಾನು ಗೋಕಾಕ ಮುಟ್ಟುವ ಹೊತ್ತಿಗೆ ಡಾಕ್ಟರು ಬಂದು ನೋಡಿ ಹೋಗಿದ್ದರು. ನಿದ್ದೆಯಲ್ಲೇ ಹೋಗಿದ್ದಾರೆ, ಹೋಗಿ ಬಹಳ ಹೊತ್ತಾಗಿಲ್ಲ ಎಂದರಂತೆ. ಮಾಳಿಗೆಯ ಕೋಣೆಯಲ್ಲಿ ಸರ್ ಮಂಚದ ಮೇಲಿದ್ದರು. ಗೂಟಕ್ಕೆ ಇಸ್ತ್ರಿ ಮಾಡಿದ ಅಂಗಿ ತೂಗಾಡುತ್ತಿತ್ತು. ನಾನು ಅಲ್ಲೇ ಕುಸಿದು ಅತ್ತೆ.

ಅಳುವುದಕ್ಕೂ ಬಹಳ ಹೊತ್ತು ಸಿಗಲಿಲ್ಲ. ಕೆಳಗೆ ಅಂಗಳದಲ್ಲಿ ಓಣಿಯವರು, ಹಳೆಯ ವಿದ್ಯಾರ್ಥಿಗಳು, ಜೊತೆಗೆ ಕೆಲಸ ಮಾಡಿದ ಮಾಸ್ತರರು ಸೇರಿದ್ದರು. ಕಾಕು ಮಗ, ಒಳ್ಳೆಯ ಮನುಷ್ಯ, ಮೆತ್ತಗೆ ನನ್ನ ಬಳಿ ಬಂದು ಕೇಳಿದ: "ಅಕ್ಕಾರ, ಕುಂಡ್ರಸೂದೋ, ಮಲಗಿಸೂದೋ?"

ನಮ್ಮ ಭಾಗದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವರಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕುಳ್ಳಿರಿಸಿ, ಕೂತಂತೆಯೇ ಒಯ್ದು ಹೂಳುತ್ತಾರೆ. ಕೆಲವರಲ್ಲಿ ಮಲಗಿಸಿ ಒಯ್ದು ಸುಡುತ್ತಾರೆ. ಮಲಗಿಸಿ ಹೂಳುವವರೂ ಇದ್ದಾರೆ. ಕೂರಿಸುವುದಾದರೆ ಬೇಗ ಕೂರಿಸಬೇಕು, ಹೊತ್ತು ಏರಿದಂತೆ ಮೈ ಸೆಟೆದುಕೊಳ್ಳುತ್ತದೆ. ಆಮೇಲೆ ಕೂರಿಸಲು ಹೋದರೆ ಕೈಕಾಲು ಮುರಿಯಬೇಕಾಗುತ್ತದೆ. ಯಾರಿಗೂ ಗೊತ್ತಿಲ್ಲ. ಜೊತೆಗೆ ಎಷ್ಟೋ ವರ್ಷ ಕೆಲಸ ಮಾಡಿದವರು ಮುಖ ಮುಖ ನೋಡಿಕೊಂಡರು. ಒಬ್ಬರು ಹೀಗಿರಬೇಕೆಂದರು, ಇನ್ನೊಬ್ಬರು ಛೇ ಹಾಗಿರಲಾರದು, ಅವರ ಮಾತಿನ ರೀತಿ ನೋಡಿದರೆ ಗೊತ್ತಾಗುವುದಿಲ್ಲವೆ ಎಂದರು. ಮೇಲೆ ಸರ್ ಇದ್ದರು, ಕೆಳಗೆ ಅವರ ಬಗ್ಗೆ ಜಗ್ಗಾಟ.

ಯಾರೋ ಕಾಲೇಜಿನ ಹಳೆಯ ಹೆಡ್ ಕ್ಲಾರ್ಕರಿಗೆ ಫೋನು ಹಚ್ಚಿದರು. ಸರ್ ಕಾಗದಪತ್ರಗಳೆಲ್ಲ ಅವರ ಕೈಮೇಲೇ ಹೋಗಿದ್ದವು. ನಿವೃತ್ತರಾಗಿ ಎಷ್ಟೋ ಕಾಲವಾದರೂ, ಯಾರು ಯಾವಾಗ ಕೆಲಸಕ್ಕೆ ಸೇರಿದರು, ಯಾರ ರಜೆ ಎಷ್ಟು ಉಳಿದಿತ್ತು ಎಂಬುದನ್ನು ಇಂದಿಗೂ ಬಾಯಲ್ಲೇ ಹೇಳುವ ಮನುಷ್ಯ. ಫೋನಿನ ದನಿ ದೊಡ್ಡದು ಮಾಡಿ ಎಲ್ಲರೂ ಸುತ್ತ ನಿಂತರು.

"ಯಾರ ಪೈಕಿ ಅಂತ ಕೇಳ್ತೀರ್ಯಾ?" ಎಂದರು ಅವರು ಆ ಕಡೆಯಿಂದ. "ನನಗ ನೆನಪಿಲ್ರಿ. ವಯಸ್ಸಾತು. ಹುಕ್ಕೇರಿ ಕಡೆ ಅವರ ಅಣ್ಣನ ಮಗ ಅದಾನ, ಅವಂಗ ನಾ ತಿಳಸ್ತೇನಿ." ಫೋನು ಇಟ್ಟರು.

ಆ ಮನುಷ್ಯನಿಗೆ ನೆನಪಿಲ್ಲವೆಂದರೆ ನಾನು ನಂಬುವುದಿಲ್ಲ. ಮನಸ್ಸಿನಲ್ಲೇ ಅವರಿಗೆ ಕೈ ಮುಗಿದೆ.

ಅಣ್ಣನ ಮಗ ಬರುವವರೆಗೆ ಏನು ಮಾಡುವುದು? ಶಾಂತವ್ವ ಕಾಕು ಅಷ್ಟು ಹೊತ್ತು ಮೆಟ್ಟಿಲ ಮೇಲೆ ಕೂತಿದ್ದವರು ಎದ್ದರು. ಸರ್ ಸಂಜೆ ಹೊತ್ತು ಕೂತು ಓದುವ ಒಂದು ಆರಾಮ ಕುರ್ಚಿಯಿತ್ತು, ಕ್ಯಾನ್ವಾಸ್ ಬಟ್ಟೆಯದು, ಹಿಂದಕ್ಕೆ ಇಳಿಜಾರಾದದ್ದು. "ಅದರಾಗ ಕುಂಡ್ರಸ್ರಿ," ಎಂದರು. "ಕುಂತಂಗೂ ಇರತೈತಿ, ಮಲಗಿದಂಗೂ ಇರತೈತಿ. ಬಂದವರು ತಮ್ಮ ಪದ್ಧತಿ ಹೆಂಗೈತಿ ಹಂಗ ಮಾಡ್ಲಿ."

ಕಾಕು ಮಗ ಅವರನ್ನು ಎತ್ತಿ ತಂದು ಹಾಗೇ ಕೂರಿಸಿದ. ಎಲ್ಲಿ ಕೂರಿಸಿದ ಗೊತ್ತೇ? ಮಾಳಿಗೆಯ ಮೇಲೆ ಮಂದಿ ಹಿಡಿಸುವುದಿಲ್ಲವೆಂದು ಕಾಕು ಕೆಳಗೆ, ತಮ್ಮ ಮನೆಯ ಪಡಸಾಲೆಯಲ್ಲಿ, ದೇವರ ಕೋಣೆಯ ಬಾಗಿಲ ಎದುರಿಗೆ ಕುರ್ಚಿ ಹಾಕಿಸಿದರು. ಯಾರ ಪೈಕಿ ಎಂದು ಇನ್ನೂ ಗೊತ್ತಾಗಿರಲಿಲ್ಲ. ಕಾಕು ತಾವೇ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಜೋತುಬಿದ್ದ ಅವರ ಕೈಯನ್ನು ಎತ್ತಿ ಎದೆಯ ಮೇಲಿಟ್ಟು, ತಲೆ ವಾಲದಂತೆ ತಮ್ಮ ಕೈ ಆಸರೆ ಕೊಟ್ಟರು. ಸರ್ ಇಷ್ಟು ವರ್ಷ ಕಾದದ್ದು ನನ್ನ ಕಣ್ಣೆದುರಿಗೇ ನಡೆಯಿತು. ನೋಡಬೇಕಾದವರು ಕಣ್ಣು ಮುಚ್ಚಿದ್ದರು.

ಮಧ್ಯಾಹ್ನಕ್ಕೆ ಮೊದಲೇ ಅಣ್ಣನ ಮಗ ನಾಲ್ಕಾರು ಮಂದಿಯ ಜೊತೆ ವಾಹನ ತೆಗೆದುಕೊಂಡು ಬಂದ. ದುಃಖ ಅವನಿಗೂ ಇತ್ತು, ನಾನು ಸುಳ್ಳು ಹೇಳಬಾರದು. "ಕಾಕಾ" ಎಂದು ಕಾಲು ಹಿಡಿದು ಅತ್ತ. ಅಂಗಳದಲ್ಲಿದ್ದವರ ಕಣ್ಣೆಲ್ಲ ಬಂದವರ ಹಣೆ, ಕೊರಳು, ಕೈ ಇವುಗಳ ಮೇಲೇ ಇತ್ತು. ಬಂದವರಲ್ಲಿ ಹಿರಿಯರೊಬ್ಬರು ಸರ್ ಅವರನ್ನು ಕುರ್ಚಿಯಿಂದ ಎತ್ತಿಸಿದರು. ತಮ್ಮ ಪದ್ಧತಿಯಂತೆ ಮುಂದಿನದನ್ನು ಶುರು ಮಾಡಿದರು. ಕೂರಿಸಿದರೋ, ಮಲಗಿಸಿದರೋ, ಏನು ಹಚ್ಚಿದರು, ಏನು ಹೇಳಿದರು ಎಂದು ನಾನು ಬರೆಯುವುದಿಲ್ಲ. ಬರೆದರೆ ನೀವೂ ಲೆಕ್ಕ ಹಾಕಿಬಿಡುತ್ತೀರಿ.

ಅಂಗಳದವರು ಹಾಕಿಬಿಟ್ಟರು. "ಹ್ಞಾಂ..." ಎಂದು ಒಂದು ಸಣ್ಣ ದನಿ ಒಬ್ಬರಿಂದ ಒಬ್ಬರಿಗೆ ದಾಟಿತು. ಜೊತೆಗೆ ಕೆಲಸ ಮಾಡಿದ ಮಾಸ್ತರರೊಬ್ಬರು ನನ್ನ ಪಕ್ಕದಲ್ಲೇ ನಿಂತಿದ್ದರು. "ಅದಕ್ಕ!" ಎಂದರು. "ಅದಕ್ಕ ಅವರು ಮದಿವ್ಯಾಗ ಹಿಂದಿನ ಪಂಕ್ತಿಗೆ ಕುಂಡರತಿದ್ರು. ಅದಕ್ಕ ಆ ಪಾಠ ಅಷ್ಟ ಚಂದ ಹೇಳತಿದ್ರು. ಈಗ ತಿಳೀತು." ಇನ್ನೊಬ್ಬರು ಅವರ ಬಿಳಿ ಅಂಗಿಗೂ ಒಂದು ಕಾರಣ ಕೊಟ್ಟರು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಇಡೀ ಮನುಷ್ಯನನ್ನು ಬಿಡಿಸಿ ಹೇಳಿ ಮುಗಿಸಿದ್ದರು. ಅವರ ಸಿಟ್ಟು, ಅವರ ನಗು, ಬಸ್ಸಿನ ಟವೆಲ್ಲು, ಎಲ್ಲದಕ್ಕೂ ಈಗ ಒಂದೇ ಕಾರಣ. ನಾನು ಅಲ್ಲಿಂದ ಎದ್ದು ಹೋಗಿ ರಸ್ತೆಯಲ್ಲಿ ನಿಂತೆ. ಅವರು ಸತ್ತದ್ದಕ್ಕಿಂತ ಇದರಿಂದಲೇ ಹೆಚ್ಚು ನೋವಾಯಿತು ಎಂದರೆ ಉತ್ಪ್ರೇಕ್ಷೆ ಅನ್ನಿಸಬಹುದು. ಆದರೆ ನನಗೆ ಆದದ್ದು ಹಾಗೆಯೇ.

ವಾಹನದ ಹಿಂದೆ ಒಂದು ಕ್ರೂಸರ್ ಜೀಪು ಬಾಡಿಗೆ ಮಾಡಿಕೊಂಡು ನಾವು ಕೆಲವರು ಅವರ ಹಳ್ಳಿಗೆ ಹೋದೆವು. ಶಾಂತವ್ವ ಕಾಕು ದಾರಿಯಲ್ಲಿ ಘಟಪ್ರಭಾದ ಹತ್ತಿರ ಗಾಡಿ ನಿಲ್ಲಿಸಿ ಸೇವಂತಿಗೆ ಹೂವು ಕೊಂಡರು. ಅಣ್ಣನ ಮನೆಯ ಅಂಗಳದಲ್ಲಿ ಊರ ಮಂದಿ ಸೇರಿದ್ದರು. ಎತ್ತುವ ಮೊದಲು ಕೊನೆಯದಾಗಿ ಎಲ್ಲರೂ ಸಾಲಾಗಿ ಹೋಗಿ ಹೂವು ಹಾಕಿ ಪಾದ ಮುಟ್ಟುತ್ತಿದ್ದರು. ಕಾಕು ಹೂವು ಹಿಡಿದು ಮುಂದೆ ಹೋದರು. ಅದೇ ಹಿರಿಯರು ಅಡ್ಡ ಬಂದರು. ದನಿಯಲ್ಲಿ ಕಟುತನವೇನೂ ಇರಲಿಲ್ಲ.

"ಅವ್ವಾರ, ನೀವ ಯಾರ ಪೈಕಿರಿ?"

"ನಾ ಗೋಕಾಕದಾಕಿರಿ. ಅವರು ಇದ್ದ ಮನಿ ನಂದು."

"ಅದು ಖರೆ. ಯಾರ ಪೈಕಿ ಅಂತ ಕೇಳಿದೆ."

ಕಾಕು ಹೇಳಿದರು. ಅವರ ಇಡೀ ಆಯುಷ್ಯದಲ್ಲಿ ಆ ಮಾತನ್ನು ತಗ್ಗಿದ ದನಿಯಲ್ಲಿ ಹೇಳಿದ್ದು ಅದೇ ಮೊದಲಿರಬೇಕು.

"ಹಂಗಾರ ಸಿಟ್ಟ ಆಗಬ್ಯಾಡ್ರಿ ಅವ್ವಾರ. ಮೈ ತೊಳದ ಮ್ಯಾಲ ನಮ್ಮವರ ಬಿಟ್ಟ ಬ್ಯಾರೆ ಯಾರೂ ಮುಟ್ಟೂ ಹಂಗಿಲ್ಲ. ನಮ್ಮ ಪದ್ಧತಿ. ಹೂವ ಕೊಡ್ರಿ, ನಾವ ಹಾಕ್ತೇವಿ. ನೀವು ಇಲ್ಲಿಂದ ಕೈ ಮುಗೀರಿ."

ಕಾಕು ಹೂವು ಕೊಟ್ಟರು. ಮುಂಜಾನೆ ಆ ತಲೆಗೆ ಆಸರೆ ಕೊಟ್ಟಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡೂ ಕೈ ಜೋಡಿಸಿದರು. ನಾನು ಅವರ ಪಕ್ಕ ನಿಂತೆ. ನಮ್ಮ ಮುಂದೆಯೇ ಎತ್ತಿಕೊಂಡು ಹೋದರು.

ತಿರುಗಿ ಬರುವಾಗ ಬಿಸಿಲು ಇಳಿದಿತ್ತು. ಕಬ್ಬಿನ ಹೊಲಗಳು ಹಿಂದೆ ಸರಿದವು. ಬಹಳ ದೂರ ಬಂದ ಮೇಲೆ ಕಾಕು ನನ್ನ ಕೈ ಹಿಡಿದುಕೊಂಡರು.

"ಮಾಸ್ತರು ಬಂದ ದಿನದಿಂದ ನಾ ಇದ ಒಂದ ಗೊತ್ತ ಆಗಬೇಕಂತಿದ್ದೆ, ತಂಗೀ. ಮನಸಿನ್ಯಾಗ ಕೊರೀತಿತ್ತು. ಇವತ್ತ ಗೊತ್ತ ಆತು." ಅವರು ಕಿಟಕಿಯ ಕಡೆ ನೋಡುತ್ತಿದ್ದರು. "ನೀ ಇದನ್ನ ಕಲಿತಾಕಿ, ಸಾಲ್ಯಾಗ ಕಲಿಸಾಕಿ. ಹೇಳು ನನಗ. ಗೊತ್ತ ಆತಲ್ಲ, ಈಗ ಇದನ್ನ ಇಟಗೊಂಡ ನಾ ಏನ ಮಾಡ್ಲಿ?"

ತಿಳಿಯದ್ದನ್ನು ಒಯ್ದು ಕೇಳಲಿಕ್ಕೆ ನನಗೆ ಇದ್ದವರು ಒಬ್ಬರೇ. ಅವರನ್ನು ನಾವು ಆಗಷ್ಟೇ ಅವರ ಮಂದಿಯ ಕೈಗೆ ಒಪ್ಪಿಸಿ ಬಂದಿದ್ದೆವು.